ಕಲ್ಲುಬೇಲಿಯ ಮೇಲೆ ನಕ್ಷತ್ರದ ಪದಗಳು

ಶಹಾಬಾದಿನಲ್ಲಿ ರೈಲಿಳಿದು ಬಾಡಿಗೆ ಮನೆಗೆ ಕಾಲಿಟ್ಟೊಡನೆ ಮನೆಯೊಡತಿ ನೀಲಮ್ಮ, “ಯವ್ವಾ, ದರವಾಜಾ ಮುಚ್ಚ್ರಿ, ಗರಮ್ ಹವಾ ಬರ್ಲಿಕತ್ತದ” ಎಂದರು. ಮೈಸೂರಿನಿಂದ ಮೈಸೂರು ರಾಜ್ಯದೊಳಗೇ ಬಂದವಳು ನಾನು. ಆದರೂ ಅರ್ಧ ಮಾತು ಹೊಸ್ತಿಲ ಹೊರಗೇ ಉಳಿಯಿತು.

ನಮ್ಮಲ್ಲಿ ಮನೆಗೆ ಹೆಂಚು. ಇಲ್ಲಿ ನೆಲ, ಗೋಡೆ, ಕಡೆಗೆ ಬೇಲಿಯೂ ಕಲ್ಲು, ಸಾಲಾಗಿ ಹೂತ ಬೂದು ಚಪ್ಪಡಿಗಳು. ನಮ್ಮಲ್ಲಿ ಮುದ್ದೆ, ಇಲ್ಲಿ ನೀಲಮ್ಮ ರೊಟ್ಟಿ ಬಡಿಯುವ ಸದ್ದಿಗೇ ಬೆಳಗಾಗುತ್ತಿತ್ತು. ಅದಕ್ಕೆಲ್ಲ ಒಗ್ಗಿಕೊಂಡೆ, ಮಾತಿಗೆ ಮಾತ್ರ ಒಗ್ಗಲಿಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಲು ಬಂದವಳು ಊರಿನ ನಾಲಿಗೆಯನ್ನೇ ತೊಳೆಯಲು ನಿಂತೆ. ಮಕ್ಕಳು ವಾರಕ್ಕೆ ‘ಹಫ್ತಾ’ ಎಂದರೆ, ‘ಸಪ್ತಾಹ ಅನ್ನು’ ಎಂದು ಗದರುತ್ತಿದ್ದೆ. ಒಬ್ಬೊಬ್ಬರಾಗಿ ಬೇರೆ ವಿಷಯಕ್ಕೆ ಓಡತೊಡಗಿದರು.

ಮೂವರು ಉಳಿದಾಗ ಹೆಡ್‌ಮಾಸ್ತರರು ಕರೆದರು. “ಬಾಯಾರ,” ಇಲ್ಲಿ ಟೀಚರಮ್ಮನಿಗೆ ಹಾಗೆನ್ನುತ್ತಾರೆ, “ಮುಂದಿನ ತಿಂಗಳ ಹತ್ತು ಮಂದಿ ಆಗಲಿಲ್ಲಂದ್ರ ಸಂಸ್ಕೃತ ಬಂದ್. ನೀವು ವಾಪಸ್ ಹೋಗಬೇಕಾಗ್ತದ.”

ಮೈಸೂರಿಗೆ ವರ್ಗ ಬೇಕೆಂದು ಬಂದ ತಿಂಗಳೇ ಅರ್ಜಿ ಹಾಕಿದ್ದೆ. ಆದರೆ ಸೋತು ಹೋಗುವುದು ನನಗೆ ಬೇಡವಾಗಿತ್ತು.

ಉರ್ದು ಕಲಿಸುವ ಇಸ್ಮಾಯಿಲ್ ಮಾಸ್ತರರು ಒಂದು ದಿನ ನನ್ನ ಗದರಿಕೆ ಕೇಳಿ ನಕ್ಕರು. “ಯಾಕ ಬೈತೀರಿ? ಫಾರಸಿಯೊಳಗ ಏಳಕ್ಕ ಹಫ್ತ್ ಅಂತಾರ, ನಿಮ್ಮೊಳಗ ಸಪ್ತ. ಇವು ಅಕ್ಕ-ತಂಗಿ ಅಲ್ಲೇನ್ರಿ?”

ಕಪಾಳಕ್ಕೆ ಬಾರಿಸಿದಂತಾಯಿತು. ಕಾಲೇಜಿನಲ್ಲಿ ನಾನು ಕಲಿತದ್ದೇ ಇದು. ಸಂಸ್ಕೃತ, ಫಾರಸಿ, ಇಂಗ್ಲಿಷ್ ಎಲ್ಲವೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಅಜ್ಜಿಯ ಮಾತನ್ನು ಯಾರೂ ಬರೆದಿಡಲಿಲ್ಲ. ಮೊಮ್ಮಕ್ಕಳ ಮುಖ ನೋಡಿ ವಿದ್ವಾಂಸರು ಅದನ್ನು ಕಟ್ಟುತ್ತಾರೆ. ಕಂಡದ್ದಲ್ಲ, ಕಟ್ಟಿದ್ದು ಎಂದು ತಿಳಿಸಲು ಪದದ ಮುಂದೆ ಒಂದು ನಕ್ಷತ್ರ ಇಡುತ್ತಾರೆ. ಅವನ್ನೆಲ್ಲ ಉರು ಹೊಡೆದು ಪಾಸಾದವಳಿಗೆ ಊರು ಆಡುವ ಮಾತು ಕೇಳಿಸಿರಲಿಲ್ಲ. ಬಹಳ ನಾಚಿಕೆಯಾಯಿತು.

ಮರುದಿನ ಸೀಮೆಸುಣ್ಣ ಹಿಡಿದು ಶಾಲೆಯ ಕಲ್ಲುಬೇಲಿಗೆ ಹೋದೆ, ಜೊತೆಗೆ ಇಸ್ಮಾಯಿಲ್ ಮಾಸ್ತರರು. ಒಂದೊಂದು ಚಪ್ಪಡಿಗೆ ಒಂದೊಂದು ಮನೆತನ. ಮೇಲೆ ಅಜ್ಜಿಯ ಮಾತು *ಧ್ವೆರ್, ಕೆಳಗೆ ದ್ವಾರ, ದರವಾಜಾ, ಡೋರ್. ಮೇಲೆ *ಸೆಪ್ತಮ್, ಕೆಳಗೆ ಸಪ್ತ, ಹಫ್ತಾ, ಸೆವೆನ್. ಕಲ್ಲುಗಣಿಗೆ ಹೊರಟವರು ಸೈಕಲ್ ನಿಲ್ಲಿಸಿ ಓದಿದರು. “ಗರಮ್ ಬರೀರಿ!” ಎಂದು ಒಬ್ಬರು ಕೂಗಿದರು. ಪಕ್ಕದಲ್ಲಿ ಬಿಸಿಗೆ ಸಂಸ್ಕೃತದ ಮಾತು ‘ಘರ್ಮ’ ಬರೆದೆ. ಮಕ್ಕಳು ತಮ್ಮ ಮನೆಯ ಮಾತುಗಳನ್ನು ತಂದು ನನ್ನ ಮುಂದೆ ಸುರಿದರು, ನಾನು ಯಾರನ್ನೂ ಗದರಲಿಲ್ಲ.

ನೀಲಮ್ಮನೂ ನೋಡಲು ಬಂದರು. “ಮತ್ತ ನಮ್ಮ ಬಾಗಲಾ ಯಾರ ಮಗಳು?”

“ಅದು ಬೇರೆ ಮನೆತನ ಅಮ್ಮ, ಕನ್ನಡದ್ದು.”

“ಹಂಗಾರ ನಾವು ಬೀಗರಾದಿವಿ ಬಿಡ್ರಿ!”

ತಿಂಗಳ ಕೊನೆಗೆ ಹದಿನಾಲ್ಕು ಮಕ್ಕಳ ಫಾರಂ ಬಂತು. ಮೊದಲ ದಸ್ತಖತ್ ಇಸ್ಮಾಯಿಲ್ ಮಾಸ್ತರರದೇ, ಮಗಳು ಸಂಸ್ಕೃತ ಓದಲೆಂದು. ದಸ್ತ್ ಎಂದರೆ ಹಸ್ತ ಎಂದು ಈಗ ಇಡೀ ಊರಿಗೆ ಗೊತ್ತಿತ್ತು. ಹೆಡ್‌ಮಾಸ್ತರರು ಫಾರಂಗಳನ್ನು ಎರಡು ಸಲ ಎಣಿಸಿ, “ಭಾಳ ಛಲೋ ಆತು, ಬಾಯಾರ” ಎಂದರು. ಗೆದ್ದೆ! ಆ ಸಂಜೆ ನೀಲಮ್ಮನ ಎದುರು ಕೂತು ನಾಲ್ಕು ರೊಟ್ಟಿ ತಿಂದೆ.

ಈಗ ವರ್ಗದ ಆದೇಶ ಬಂದಿದೆ. ಬೇಡವೆಂದು ಬರೆದು ಕಳಿಸಿದ್ದೇನೆ. ಅಮ್ಮನ ಕಾಗದವೂ ಬಂದಿದೆ: “ನಿನ್ನ ಊರಿಗೆ ಯಾವಾಗ ಬರ್ತೀಯೇ?” ಮೈಸೂರಿನ ನೆನಪು ಈಗಲೂ ಕಾಡುತ್ತದೆ. ಅಲ್ಲಿಗೆ ಹೋದರೆ ಈ ಬೂದು ಕಲ್ಲಿನ ಊರೂ ಹಾಗೇ ಕಾಡೀತು. ಉತ್ತರ ಬರೆಯಲು ಕೂತೆ. ‘ನನ್ನ ಊರು’ ಎಂದು ಬರೆದು, ಅದರ ಮುಂದೆ ಒಂದು ನಕ್ಷತ್ರ ಇಟ್ಟೆ.