ಊರಿನ ಪತ್ರಿಕೆಗಳು ನಕಲು ಮಾಡಿಕೊಳ್ಳಲಿ

ನಾನು ಮಲೇಷ್ಯಾದ ನಿಲಾಯ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತೇನೆ. ಪಾಠವಿಲ್ಲದ ಹೊತ್ತಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳಲ್ಲಿ ಬಂದ ಸಾವಿನ ಪ್ರಕಟಣೆಗಳನ್ನು ಓದುತ್ತೇನೆ. ಪೆನಾಂಗ್, ಸಿಂಗಪುರದ ಇಂಗ್ಲಿಷ್ ಪತ್ರಿಕೆಗಳವು. ಯಾವ ಹಡಗು ಬಂತು, ಎಷ್ಟು ಕಾಳುಮೆಣಸು ಇಳಿಯಿತು ಎಂಬುದರ ಪಕ್ಕದ ಅಂಕಣದಲ್ಲೇ ಯಾರು ಸತ್ತರು ಎಂಬುದೂ ಇರುತ್ತದೆ. ಗಂಡಸಾದರೆ ಹೆಸರು, ಹುದ್ದೆ, ವಯಸ್ಸು. ಹೆಂಗಸಾದರೆ ಅನೇಕ ಸಲ ‘ಇಂಥವರ ಪ್ರಿಯ ಪತ್ನಿ’, ಅಷ್ಟೇ. ವಿಧವೆಗೆ ಅವರು ಬಳಸುತ್ತಿದ್ದ ಪದದ ಅರ್ಥ ‘ಉಳಿದದ್ದು’. ಸತ್ತ ಗಂಡ ಬಿಟ್ಟುಹೋದ ಸಾಮಾನಿನ ಹಾಗೆ. ಕಬ್ಬಿನ, ಕಾಫಿಯ ತೋಟಗಳಿಗೆ ತಮಿಳು ಸೀಮೆಯಿಂದ ಬಂದ ಕೂಲಿಗಳು ಆ ಅಂಕಣದಲ್ಲಿ ಸಾಯುವುದೇ ಇಲ್ಲ. ಅವರಿಗಾಗಿ ಲೈನ್ ಮನೆಗಳ ಮುಂದೆ ತಮಟೆ ಬಡಿದಿರಬೇಕು, ಹೆಂಗಸರು ಎದೆ ಬಡಿದುಕೊಂಡು ಹಾಡಿ ಅತ್ತಿರಬೇಕು. ‘ಇರಬೇಕು’ ಎಂದು ಬರೆಯುವಾಗಲೆಲ್ಲ ನನಗೆ ಮುಜುಗರ. ಅಚ್ಚಾಗದ ಅಳುವಿಗೆ ಇತಿಹಾಸದವರು ಇಡುವ ಪದ ಅದು.

ಕೆಲವು ಪ್ರಕಟಣೆಗಳ ಕೊನೆಯಲ್ಲಿ ಒಂದು ಸಾಲು ಬರುತ್ತದೆ: ‘ಹೋಮ್ ಪೇಪರ್ಸ್ ಪ್ಲೀಸ್ ಕಾಪಿ’. ಊರಿನ ಪತ್ರಿಕೆಗಳು ದಯವಿಟ್ಟು ನಕಲು ಮಾಡಿಕೊಳ್ಳಲಿ ಎಂದು. ಪತ್ರಿಕೆ ಹಡಗಿನಲ್ಲಿ ಹೋಗಬೇಕು, ಅಲ್ಲಿ ಯಾವನೋ ಸಂಪಾದಕ ಅದನ್ನು ಕಂಡು ಮತ್ತೆ ಅಚ್ಚಿನ ಮೊಳೆ ಜೋಡಿಸಬೇಕು, ಆಮೇಲೆ ಯಾವಳೋ ತಾಯಿ ಓದಬೇಕು. ಅಷ್ಟರಲ್ಲಿ ಸಮಾಧಿಯ ಮೇಲೆ ಹುಲ್ಲು ಬಂದಿರುತ್ತದೆ.

ಇದನ್ನು ಒಮ್ಮೆ ಸುಬಾಂಗ್ ಜಯಾದ ಒಂದು ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ತಿನ್ನುತ್ತ ಅಕ್ಕನ ಮಗಳಿಗೆ ಹೇಳಿದ್ದೆ. ಅವಳು ಅಲ್ಲೇ ಕಾಲೇಜಿಗೆ ಹೋಗುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಸೋ, ವಾಟ್ಸಾಪ್ ಫಾರ್ವರ್ಡ್ ಲಾ,” ಎಂದಿದ್ದಳು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸೇರಿಸಿ. ಅಕ್ಕ ನಕ್ಕಿದ್ದಳು. ಅಕ್ಕ ಅಂದು ನಮ್ಮ ಜೊತೆ ಇದ್ದಳೆಂದೇ ನನ್ನ ನೆನಪು. ನನ್ನ ಡೈರಿಯಲ್ಲಿ ಅವಳ ಉಲ್ಲೇಖವಿಲ್ಲ. ಈಗೀಗ ಎಲ್ಲ ಕಡೆಯೂ ಅವಳನ್ನು ಕೂರಿಸುತ್ತಿದ್ದೇನೋ ಎಂಬ ಗುಮಾನಿ ನನಗಿದೆ.

ಅಕ್ಕ ನನಗಿಂತ ಬಹಳ ಮೊದಲೇ ಇಲ್ಲಿಗೆ ಬಂದವಳು. ಮಂಗಳೂರಿನ ಕೆಥೊಲಿಕ್ ಮನೆಯ ಹುಡುಗಿ, ಕಂಪನಿಯ ಲೆಕ್ಕಪತ್ರ ವಿಭಾಗದ ಕೆಲಸ. ಅದೇ ಕಂಪನಿಯ ಮಲಾಯ್ ಮುಸ್ಲಿಂ ಸಹೋದ್ಯೋಗಿಯನ್ನು ಮದುವೆಯಾದಳು. ಇಲ್ಲಿ ಹಾಗೆ ಮದುವೆಯಾಗಬೇಕಾದರೆ ಧರ್ಮ ಬದಲಿಸಲೇಬೇಕು. ಅವಳು ಬದಲಿಸಿದಳು, ಹೊಸ ಹೆಸರು ಇಟ್ಟುಕೊಂಡಳು. ಮಂಗಳೂರಿನಲ್ಲಿ ಅಪ್ಪ ಅವಳ ಮಾತೆತ್ತುವುದನ್ನೇ ನಿಲ್ಲಿಸಿದರು. ಅಪ್ಪ ಕನ್ನಡ ಮೇಷ್ಟ್ರು, ಕೊಂಕಣಿ ಬಿಡಿಸಿ ಮನೆಯಲ್ಲೂ ಕನ್ನಡವನ್ನೇ ಆಡಿಸಿದವರು. ಕೂಗಾಡಲಿಲ್ಲ. ಊಟದ ಮೇಜಿನಲ್ಲಿ ಅವಳ ಹೆಸರು ಬಂದರೆ ಉಪ್ಪು ಕೇಳುತ್ತಿದ್ದರು.

ಈ ವರ್ಷ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಉಸಿರು ನಿಂತಿತು, ಅಂದೇ ಮಣ್ಣು ಮಾಡಿದರು. ಇಲ್ಲಿನ ಮುಸ್ಲಿಮರಲ್ಲಿ ಕಾಯುವ ಪದ್ಧತಿ ಇಲ್ಲ. ಅವಳನ್ನು ತೊಳೆಯುವಾಗ ಒಳಗೆ ಮಗಳಿದ್ದಳು, ಮಸೀದಿಯ ಹೆಂಗಸರಿದ್ದರು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಪಕ್ಕದ ಮನೆಯಾಕೆ ಬಂದು ತನ್ನದೊಂದು ಶಾಲನ್ನು ನನ್ನ ತಲೆಗೆ ಹೊದಿಸಿ, “ಮಾಕಾನ್, ಮಾಕಾನ್”, ತಿನ್ನು ತಿನ್ನು, ಎಂದು ಕೈಗೆ ಅನ್ನದ ಪೊಟ್ಟಣ ಕೊಟ್ಟಳು. ಭಾವ ಅತ್ತದ್ದು ನನಗೆ ನೆನಪಿದೆ. ಡೈರಿಯಲ್ಲಿ ಅವರು ಅಳಲಿಲ್ಲ, ಬಂದವರಿಗೆ ನೀರಿನ ಬಾಟಲಿ ಹಂಚುತ್ತಿದ್ದರು ಎಂದಿದೆ. ಎರಡೂ ಇದ್ದಿರಬಹುದು.

ಗುಂಡಿ ಮುಚ್ಚಿ ಗುಲಾಬಿನೀರು ಚಿಮುಕಿಸಿದ ಮೇಲೆ ತಲೆಯ ಕಡೆ ಹೆಸರು ಬರೆದ ಹಲಗೆ ನಿಲ್ಲಿಸಿದರು. ಹೊಸ ಹೆಸರು, ಆಮೇಲೆ ‘ಇಂಥವರ ಮಗಳು’. ಆ ಇಂಥವರು ನಮ್ಮ ಅಪ್ಪ ಅಲ್ಲ. ಮತಾಂತರಗೊಂಡವರಿಗೆ ತಂದೆಯ ಜಾಗದಲ್ಲಿ ದೇವರ ದಾಸ ಎಂಬ ಅರ್ಥದ ಒಂದೇ ಹೆಸರನ್ನು ಹಾಕುವುದು ವಾಡಿಕೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಭಾವ ಇಂಗ್ಲಿಷಿನಲ್ಲಿ, “ಗುರುತಿನ ಕಾರ್ಡಿನಲ್ಲಿ ಹೀಗೇ ಇದೆ. ನನ್ನ ಕೈಯಲ್ಲಿಲ್ಲ,” ಎಂದರು. ಯಾರ ಕೈಯಲ್ಲಿತ್ತು ಎಂದು ಕೇಳುವ ಜಾಗ ಅದಲ್ಲ.

ವಾರ ಕಳೆದು ಅಕ್ಕನ ಮಗಳು ನನ್ನ ಮನೆಗೆ ಬಂದಳು. ಅವಳ ಫೋನಿನಲ್ಲಿ ಭಾವ ಎಲ್ಲರಿಗೂ ಕಳಿಸಿದ್ದ ಸಾವಿನ ಸುದ್ದಿ ಇತ್ತು. ಮಲಾಯ್ ಭಾಷೆಯಲ್ಲಿ, ಅಕ್ಕನ ಹೆಸರು, ಗಂಡನ ಹೆಸರು, ಮಗಳ ಹೆಸರು, ಎಲ್ಲ ಸರಿಯಾಗಿ.

“ಚಿಕ್ಕಮ್ಮಾ, ಯೂ ಸೆಡ್ ದಟ್ ಡೇ, ಹೋಮ್ ಪೇಪರ್ಸ್ ಪ್ಲೀಸ್ ಕಾಪಿ. ಪುಟ್ ದಿಸ್ ಇನ್ ಅಜ್ಜೀಸ್ ಪೇಪರ್. ಮೈ ನೇಮ್ ಆಲ್ಸೋ.”

“ಹೆಸರು ಯಾಕೆ ಅಷ್ಟು ಮುಖ್ಯ?”

“ಅಜ್ಜಿಗೆ ನಾನು ಇದ್ದೇನೆ ಅಂತ ಗೊತ್ತಿಲ್ಲ ಅಲ್ವಾ?” ಈ ಒಂದು ವಾಕ್ಯವನ್ನು ಅವಳು ಕನ್ನಡದಲ್ಲೇ ಹೇಳಿದಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳೆಂದು ಕಾಣುತ್ತದೆ.

ಅವಳು ಬೇರೇನೂ ಕೇಳಲಿಲ್ಲ. ಅಜ್ಜಿಯನ್ನು ನೋಡಬೇಕೆನ್ನಲಿಲ್ಲ, ಮಂಗಳೂರಿಗೆ ಕರೆದುಕೊಂಡು ಹೋಗು ಎನ್ನಲಿಲ್ಲ. ಅಮ್ಮ ಬೆಳಿಗ್ಗೆ ಎದ್ದು ಮೊದಲು ತೆರೆಯುವ ಸಾವಿನ ಪುಟದಲ್ಲಿ ತನ್ನ ಹೆಸರೂ ಒಂದಿರಬೇಕು, ಅಷ್ಟೇ.

ಅಮ್ಮ ಇರುವುದು ಅಣ್ಣನ ಫ್ಲ್ಯಾಟಿನಲ್ಲಿ. ಅಕ್ಕ ಹೋದದ್ದನ್ನು ಅವನು ಇನ್ನೂ ಅವರಿಗೆ ತಿಳಿಸಿರಲಿಲ್ಲ. ಫೋನು ಮಾಡಿದೆ.

“ಹಾಕುದಿಲ್ಲ ಅಂತ ನಾನೆಲ್ಲಿ ಹೇಳಿದೆ?” ಎಂದ ಅಣ್ಣ. “ಯಾವ ಹೆಸರು ಹಾಕ್ಲಿಕ್ಕೆ? ಅದು ಹೇಳು ಮೊದ್ಲು.”

“ಎರಡೂ ಹಾಕು.”

“ಎರಡೆರಡು ಹೆಸರು ಇರುದು ಕಳ್ಳರಿಗೆ.”

“ಸಿಸ್ಟರುಗಳಿಗೂ ಇರ್ತದೆ. ನಿನ್ನ ಹೆಂಡತಿಯ ತಂಗಿ ಕಾನ್ವೆಂಟ್ ಸೇರಿ ಹೆಸರು ಬದಲಿಸ್ಲಿಲ್ವಾ? ನೀನೇ ಕೇಕ್ ಹಂಚಿದ್ದಲ್ವಾ?”

“ನೀನು ಪ್ರೊಫೆಸರು ಮಾರಾಯ್ತಿ, ಮಾತಲ್ಲಿ ಗೆಲ್ತಿ. ಇಲ್ಲಿ ಚರ್ಚಿಗೆ ಹೋಗಿ ಮುಖ ತೋರಿಸ್ಬೇಕಾದ್ದು ನಾನು.”

“ಭಾವನ ಹೆಸರು, ಮಗಳ ಹೆಸರು ಇರ್ಲಿ ಅಣ್ಣಾ. ಆ ಹುಡುಗಿ ಕೇಳಿದ್ದು ಅದೊಂದೇ.”

“ಅಮ್ಮ ಆ ಪುಟವನ್ನು ಭೂತಗನ್ನಡಿ ಹಿಡ್ಕೊಂಡು ಓದ್ತಾರೆ, ಗೊತ್ತುಂಟಲ್ಲ? ಅವರಿಗೆ ಏನಾದ್ರೂ ಆದ್ರೆ ನೀನು ಬರ್ತಿಯಾ ಅಲ್ಲಿಂದ ಓಡಿ?”

“ಅಮ್ಮನಿಗೆ ಮದುವೆಯ ವಿಷಯ ಗೊತ್ತುಂಟು.”

“ಗೊತ್ತಿತ್ತು. ಈಗ ಸಮಾಧಾನದಲ್ಲಿದ್ದಾರೆ. ಅಪ್ಪ ಹೋದಾಗ ನಾನು ಅವಳ ಹೆಸರು ಹಾಕ್ಲಿಲ್ವಾ?”

“ಹಾಕಿರ್ಲಿಲ್ಲ.”

“ಹಾಕಿದ್ದೆ. ಹಳೇ ಪೇಪರ್ ಓದುವವಳು ನೀನು, ಇದು ಓದ್ಲಿಲ್ವಾ?”

ಅವನು ಆ ಪ್ರಕಟಣೆಯ ಫೋಟೋ ಕಳಿಸಿದ. ಅಕ್ಕನ ಹೆಸರು ಇತ್ತು. ಅಪ್ಪನ ಸಾವಿನಲ್ಲಿ ಅವಳನ್ನು ಬಿಟ್ಟರು ಎಂಬುದನ್ನು ಇಷ್ಟು ವರ್ಷ ಗಟ್ಟಿಯಾಗಿ ನಂಬಿದ್ದೆ, ಅಕ್ಕನಿಗೂ ಅದನ್ನೇ ಹೇಳಿದ್ದೆ. ಆಮೇಲೆ ಮತ್ತೊಮ್ಮೆ ನೋಡಿದೆ. ನಮ್ಮ ಕಡೆಯ ಕ್ರೈಸ್ತರ ಪ್ರಕಟಣೆಗಳಲ್ಲಿ ಮದುವೆಯಾದ ಮಕ್ಕಳ ಹೆಸರಿನ ಮುಂದೆ ಒಂದು ಓರೆಗೆರೆ ಇರುತ್ತದೆ, ಅದರಾಚೆ ಅಳಿಯನದೋ ಸೊಸೆಯದೋ ಹೆಸರು, ಬಳಿಕ ದುಬೈ ಎಂದೋ ಮುಂಬೈ ಎಂದೋ ಊರು. ಅಣ್ಣನ ಹೆಸರಿಗೆ ಗೆರೆಯಿತ್ತು, ಅತ್ತಿಗೆಯ ಹೆಸರಿತ್ತು. ನನಗಿರಲಿಲ್ಲ, ನಾನು ಮದುವೆಯಾದವಳಲ್ಲ. ಅಕ್ಕನಿಗೂ ಇರಲಿಲ್ಲ. ಒಬ್ಬಳ ಕೆಳಗೊಬ್ಬಳು ಇಬ್ಬರು ಅವಿವಾಹಿತ ಹೆಣ್ಣುಮಕ್ಕಳು. ಗೆರೆಯಿಲ್ಲದ್ದನ್ನು ನನ್ನ ನೆನಪು ಹೆಸರೇ ಇಲ್ಲವೆಂದು ಇಟ್ಟುಕೊಂಡಿತ್ತು. ತಪ್ಪು ನೆನಪು. ಆದರೆ ಪ್ರಕಟಣೆಗಿಂತ ಹೆಚ್ಚು ತಪ್ಪೋ ಕಡಿಮೆ ತಪ್ಪೋ ನನಗೆ ಈಗಲೂ ಗೊತ್ತಿಲ್ಲ.

ನಾನು ಪೂರ್ತಿ ಒಕ್ಕಣೆ ಬರೆದು ಅಣ್ಣನಿಗೆ ಕಳಿಸಿದೆ. ಗಂಡ, ಮಗಳು, ಎರಡೂ ಹೆಸರು. ಅವನು ಓದಿ, “ಸರಿ, ನೋಡುವ,” ಎಂದ. ನಮ್ಮ ಊರಿನಲ್ಲಿ ‘ನೋಡುವ’ ಎಂದರೆ ಏನೆಂದು ತಿಳಿಯದವಳಲ್ಲ ನಾನು. ಮನೆ ತೋರಿಸಲು ಬಂದ ಬ್ರೋಕರಿಗೆ, ಸಂಬಂಧ ಕೇಳಿ ಬಂದವರಿಗೆ, ಎಲ್ಲರಿಗೂ ನಾವು ಹೇಳುವುದು ಅದನ್ನೇ, ಅವರು ಅರ್ಥ ಮಾಡಿಕೊಂಡು ಎದ್ದು ಹೋಗುತ್ತಾರೆ. ಇಷ್ಟು ಕಾಲ ಪರದೇಶದಲ್ಲಿದ್ದು ಕಿವಿ ಮೊಂಡಾಯಿತೋ, ಬೇಕೆಂದೇ ಮೊಂಡು ಮಾಡಿಕೊಂಡೆನೋ. ಹುಡುಗಿಗೆ, “ನಿನ್ನ ಮಾವ ಒಪ್ಪಿದ,” ಎಂದು ಮೆಸೇಜು ಮಾಡಿದೆ. ಅವಳು ಒಂದು ಹೃದಯದ ಚಿತ್ರ ಕಳಿಸಿದಳು.

ಶನಿವಾರ ಪ್ರಕಟಣೆ ಬಂತು. ಅಣ್ಣನೇ ಫೋಟೋ ಕಳಿಸಿದ, ಜೊತೆಗೆ ಕೈಮುಗಿದ ಚಿತ್ರ. ಹುಡುಗಿ ಅದನ್ನು ನೋಡಲೆಂದೇ ರೈಲು ಹಿಡಿದು ನಿಲಾಯ್‌ಗೆ ಬಂದಿದ್ದಳು. ಅಕ್ಕ ಇಪ್ಪತ್ತರ ಪ್ರಾಯದಲ್ಲಿ ಸೀರೆ ಉಟ್ಟು ತೆಗೆಸಿದ ಚಿತ್ರ. ಚರ್ಚಿನಲ್ಲಿ ಇಟ್ಟ ಹೆಸರು. ಮಲೇಷ್ಯಾದಲ್ಲಿ ಉದ್ಯೋಗದಲ್ಲಿದ್ದ ಇವರು ಅಲ್ಪಕಾಲದ ಅಸೌಖ್ಯದಿಂದ ನಿಧನರಾದರು, ಅಂತ್ಯಕ್ರಿಯೆ ಅಲ್ಲಿಯೇ ನೆರವೇರಿದೆ, ಮೃತರು ತಾಯಿ, ಸಹೋದರ ಹಾಗೂ ಸಹೋದರಿಯನ್ನು ಅಗಲಿದ್ದಾರೆ, ಆತ್ಮಕ್ಕಾಗಿ ಚರ್ಚಿನಲ್ಲಿ ಬಲಿಪೂಜೆ ಇಂಥ ದಿನ.

ಒಂದು ವಾಕ್ಯವೂ ಸುಳ್ಳಲ್ಲ. ಉದ್ಯೋಗ ನಿಜ, ಅಸೌಖ್ಯ ನಿಜ, ತಾಯಿ, ಸಹೋದರ, ಸಹೋದರಿ ಎಲ್ಲರೂ ನಿಜ. ಮುಂದೊಂದು ದಿನ ನನ್ನಂಥವಳೊಬ್ಬಳು ಇದನ್ನು ಓದಿ, ವಲಸೆ ಹೋದ ಒಂಟಿ ಹೆಂಗಸರ ಬಗೆಗಿನ ತನ್ನ ಅಧ್ಯಾಯಕ್ಕೆ ಇವಳನ್ನೂ ಸೇರಿಸಿಕೊಳ್ಳುತ್ತಾಳೆ. ಅವಳನ್ನು ದೂರುವಂತಿಲ್ಲ. ಪೆನಾಂಗಿನ ಪತ್ರಿಕೆಗಳಲ್ಲಿ ಸತ್ತ ಎಷ್ಟು ಮಂದಿಯನ್ನು ನಾನು ಹೀಗೆಯೇ ಒಂಟಿ ಎಂದು ಬರೆದಿದ್ದೇನೆ. ಅವಿವಾಹಿತ ಗುಮಾಸ್ತ, ಅವಿವಾಹಿತ ತೋಟದ ಯಜಮಾನ. ಅವರ ಮನೆಯಲ್ಲಿ ಯಾರಿದ್ದರು, ಯಾರು ಅತ್ತರು, ಯಾರ ಅಣ್ಣ ಒಕ್ಕಣೆ ತಿದ್ದಿದ ಎಂದು ನಾನು ಕೇಳಿರಲಿಲ್ಲ. ಅಚ್ಚಾದದ್ದನ್ನು ನಂಬುವುದಕ್ಕೇ ನನ್ನನ್ನು ಓದಿಸಿದ್ದರು.

ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ. ಅವಳು ಫೋಟೋವನ್ನು ದೊಡ್ಡದು ಮಾಡಿ, “ವಿಚ್ ಒನ್ ಈಸ್ ಮೈ ನೇಮ್?” ಎಂದಳು.

ಹೇಳಿದೆ. ಅವಳ ಹೆಸರು ಅದರಲ್ಲಿಲ್ಲ ಎಂದು. ಅವಳು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು. “ಡ್ಯಾಡೀಸ್ ಆಲ್ಸೋ ನಾಟ್ ದೇರ್?” ಎಂದು ಕೇಳಿದಳು. ಇಲ್ಲ ಎಂದೆ. “ಸರಿ. ಅಜ್ಜಿಗೆ ನಾವೇ ಹೇಳೋಣ. ಕಾಲ್ ಮಾಡು,” ಎಂದಳು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಅದು ನನಗೆ ಹೊಳೆಯಬೇಕಿತ್ತು. ಅಚ್ಚಿನ ಬಗ್ಗೆಯೇ ಯೋಚಿಸುತ್ತ ಕೂತವಳಿಗೆ ಫೋನೆಂಬುದೊಂದಿದೆ ಎಂಬುದು ಮರೆತಿತ್ತು.

ಅಮ್ಮ ಅತ್ತು ಮುಗಿಸಿದ್ದರು. ಮೂಗು ಕಟ್ಟಿದ ದನಿ. ನಾನು ಸ್ಪೀಕರ್ ಹಾಕಿದೆ.

“ಬೆಳಿಗ್ಗೆ ಪೇಪರ್ ನೋಡಿದೆ,” ಎಂದರು. “ನಿನ್ನ ಅಣ್ಣ ಪಕ್ಕದಲ್ಲೇ ಕೂತಿದ್ದ, ಪಾಪ. ಅವಳು ಕೊನೆಗೆ ಒಬ್ಬಳೇ ಇದ್ಳಾ? ಬಾಯಿಗೆ ನೀರು ಬಿಡ್ಲಿಕ್ಕೆ ಯಾರಿದ್ರು?”

“ಒಬ್ಬಳೇ ಅಲ್ಲ ಅಮ್ಮಾ. ಗಂಡ ಇದ್ರು, ಮಗಳಿದ್ಳು. ನಾನೂ ಹೋಗಿದ್ದೆ.”

“ಯಾವ ಗಂಡ? ಅವನು ಬಿಟ್ಟುಹೋಗಿ ಎಷ್ಟು ಕಾಲ ಆಯ್ತು. ಅಣ್ಣ ಹೇಳಿದ್ದಾನಲ್ಲ ನಂಗೆ, ಆಗ್ಲೇ.”

ಅಣ್ಣ ಹೇಳಿದ ಸಮಾಧಾನ ಯಾವುದೆಂದು ಆಗ ತಿಳಿಯಿತು. “ಬಿಟ್ಟಿಲ್ಲ ಅಮ್ಮಾ. ಕೊನೇವರೆಗೂ ಜೊತೆಗೇ ಇದ್ರು. ಮಗಳು ಕಾಲೇಜಿಗೆ ಹೋಗ್ತಾಳೆ, ದೊಡ್ಡವಳಾಗಿದ್ದಾಳೆ.”

ಅಮ್ಮನ ಕಡೆಯಿಂದ ಪೇಪರು ಮಡಿಸುವ ಸದ್ದು ಕೇಳಿತು, ಇಲ್ಲವೇ ಬಿಡಿಸುವ ಸದ್ದು.

“ಇದರಲ್ಲಿ ಇಲ್ವಲ್ಲ,” ಎಂದರು. “ಮಗಳಿದ್ದಿದ್ರೆ ಹಾಕ್ತಿರ್ಲಿಲ್ವಾ? ಹೆತ್ತ ಮಗುವಿನ ಹೆಸರು ಬಿಡ್ತಾರಾ ಯಾರಾದ್ರೂ? ನೀನು ನನ್ನ ಸಮಾಧಾನಕ್ಕೆ ಹೇಳುದು ಬೇಡ ಮಗಾ. ನನ್ನ ಮನಸ್ಸು ಗಟ್ಟಿ ಉಂಟು.”

“ಅಮ್ಮಾ, ಅವಳು ಇಲ್ಲೇ—”

“ಅಜ್ಜೀ,” ಎಂದಳು ಹುಡುಗಿ, ಫೋನಿನ ಹತ್ತಿರ ಬಾಗಿ. “ಅಜ್ಜೀ, ಐ ಯಾಮ್...”

“ಯಾರದು ಇಂಗ್ಲಿಷಿನಲ್ಲಿ? ನಿನ್ನ ಹತ್ರ ಓದುವ ಹುಡುಗಿಯಾ?”

ನಾನು ಬಾಯಿ ತೆರೆದೆ. ಹುಡುಗಿ ನನ್ನ ಕೈ ಮೇಲೆ ಕೈಯಿಟ್ಟು ತಡೆದಳು. ಅವಳು ನನ್ನನ್ನಲ್ಲ, ಫೋನನ್ನು ನೋಡುತ್ತಿದ್ದಳು.

“ಹೌದು,” ಎಂದಳು. ಶುದ್ಧ ಕನ್ನಡ, ಒಂದಿಷ್ಟೂ ತೊಡಕಿಲ್ಲ.

“ಕನ್ನಡ ಬರ್ತದಾ ನಿಂಗೆ? ಒಳ್ಳೇದಾಯ್ತು. ನಮ್ಮವಳನ್ನು ಸ್ವಲ್ಪ ನೋಡ್ಕೋ ಮಗಾ, ಅಕ್ಕ ಹೋದ ಸಂಕಟದಲ್ಲಿದ್ದಾಳೆ. ಊಟ ಆಯ್ತಾ ನಿಂದು?”

“ಆಯ್ತು.”

ಆಗಿರಲಿಲ್ಲ. ಫೋನು ಇಟ್ಟ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವಳು ಚಪ್ಪಲಿ ಹುಡುಕುತ್ತ, “ಶೀ ವಾಸ್ ನೈಸ್ ಟು ಮಿ ಲಾ,” ಎಂದಳು. “ಟೆಲ್ ಹರ್ ಹೂ ಐ ಯಾಮ್, ಆಮೇಲೂ ಹೀಗೇ ಇರ್ತಾರಾ?”

ಇರುತ್ತಾರೆ ಎಂದು ನಾನು ಹೇಳಬಹುದಿತ್ತು. ನನ್ನ ಅಮ್ಮನನ್ನು ನಾನು ಬಲ್ಲೆನೇ ಎಂದು ಯೋಚಿಸುತ್ತಿರುವಾಗಲೇ ಅವಳು ಇಬ್ಬರಿಗೂ ತಿನ್ನಲು ಏನಾದರೂ ತಪಾವ್ ಕಟ್ಟಿಸಿಕೊಂಡು ಬರಲು ಮೆಟ್ಟಿಲಿಳಿದು ಹೋದಳು.