ಪದದ ಕೊನೆಯ ನುಡಿ

ಅಪರಾಧ, ಹಾಡು ಎರಡನ್ನೂ ಒಟ್ಟಿಗೆ ಅಧ್ಯಯನ ಮಾಡಿದವರು ಶಿವಮೊಗ್ಗದ ಕಾಲೇಜು ಮೇಷ್ಟ್ರು ಶಿವಯೋಗಿ. ಜೈಲಿನಲ್ಲಿ ಕೈದಿಗಳು ಕಟ್ಟಿದ ಪದಗಳನ್ನು ವರ್ಷಗಟ್ಟಲೆ ಕ್ಯಾಸೆಟ್ಟಿಗೆ ತುಂಬಿಕೊಂಡು ತೊಂಬತ್ತೆಂಟರಲ್ಲಿ ಪುಸ್ತಕ ಮಾಡಿದರು. ಪುಸ್ತಕದಲ್ಲಿ ಎಲ್ಲರ ಹೆಸರನ್ನೂ ಮರೆಮಾಚಿದ್ದರು. ಆದರೆ ಪದ ಕಟ್ಟಿದವನು ಕೊನೆಯ ನುಡಿಯಲ್ಲಿ ತನ್ನ ಊರು, ಹೆಸರು ಸೇರಿಸುವುದು ವಾಡಿಕೆ. ಅದಕ್ಕೆ ಮಾತ್ರ ಅವರು ಕೈ ಹಚ್ಚಲಿಲ್ಲ.

ಭದ್ರಾವತಿ ಓಲ್ಡ್ ಟೌನಿನ ಪದ್ಮಮ್ಮ, ಗಂಡ ಕೊಲೆ ಮಾಡಿ ಜೈಲು ಸೇರಿದ್ದನ್ನು ಮುಚ್ಚಿಟ್ಟು ಮಗಳ ಮದುವೆ ಗೊತ್ತುಮಾಡಿದ್ದಳು. ಪುಸ್ತಕದಲ್ಲಿ ಅವನು ಕಟ್ಟಿದ ಪದದ ಕೊನೆಯ ನುಡಿ ಓದಿದ ಬೀಗರು ಸಂಬಂಧ ಮುರಿದರು.

ಸುದ್ದಿ ತಿಳಿದ ಮೇಷ್ಟ್ರು ಅವಳ ಮನೆಗೆ ಎದ್ದುಬಿದ್ದು ಓಡಿದರು. “ಕೊನೇ ನುಡಿ ತೆಗೆದ್ರೆ ಹಾಡು ಕೆಡುತ್ತೆ ಅಂತ ಬಿಟ್ಟೆ, ತಾಯಿ.”

“ನನ್ ಮಗಳ ಬಾಳು ಕೆಟ್ರೆ ಅಡ್ಡಿಯಿಲ್ವಾ ಸ್ವಾಮಿ?” ಎಂದು ಪದ್ಮಮ್ಮ ಬಾಗಿಲು ಹಾಕಿಕೊಂಡಳು.

ಅದೇ ಪುಸ್ತಕದಿಂದ ಮೇಷ್ಟ್ರು ಪ್ರೊಫೆಸರಾದರು. ಜೈಲಿನ ಕಡೆಗೆ ಮತ್ತೆಂದೂ ತಲೆ ಹಾಕಲಿಲ್ಲ.