ಏಲಕ್ಕಿಯ ಮೇಲೊಂದು ಹಿಡಿ

ಬೋಡಿ ಪೇಟೆಯ ನಮ್ಮ ಏಲಕ್ಕಿ ಅಂಗಡಿಯನ್ನು ಆನ್‌ಲೈನಿಗೆ ಏರಿಸಬೇಕೆಂದು ನಾಲ್ಕಾರು ಸೈಟುಗಳನ್ನು ಹೋಲಿಸಿ ನೋಡಿ ತಲೆ ಕೆಡಿಸಿಕೊಂಡಿದ್ದೆ. ಕಮಿಷನ್ ಕಡಿಮೆ ಅಂತ ಒಂದಕ್ಕೆ ಸೇರಿಕೊಂಡರೆ, ಮೊದಲ ವಾರವೇ ಅರ್ಧಕ್ಕರ್ಧ ಪಾರ್ಸಲ್ಲುಗಳು ತೇನಿಯಲ್ಲಿದ್ದ ಅವರ ಗೋದಾಮಿನಲ್ಲಿ ನಿಂತುಬಿಟ್ಟವು. ಸಹಾಯವಾಣಿಗೆ ಫೋನ್ ಮಾಡಿದೆ.

“ನಾವು ತೂಗಿ ನೋಡಿದ್ದರಲ್ಲೆಲ್ಲ ನೀವು ನಮೂದಿಸಿದ್ದಕ್ಕಿಂತ ತೂಕ ಹೆಚ್ಚಿದೆ ಸಾರ್,” ಎಂದಳು ಹುಡುಗಿ.

“ಹೆಚ್ಚು ಕೊಟ್ಟರೆ ತಪ್ಪೇನಮ್ಮಾ?”

“ಕಡಿಮೆ ಇದ್ದರೆ ಗಿರಾಕಿ ದೂರು ಕೊಡೋಕೆ ಜಾಗ ಇದೆ ಸಾರ್. ಹೆಚ್ಚಿದ್ದರೆ ಸಿಸ್ಟಮ್ ಒಪ್ಪಲ್ಲ.”

ಫೋನಿಟ್ಟು ತಿರುಗಿದರೆ, ಪ್ಯಾಕಿಂಗಿಗೆ ಕೂತಿದ್ದ ನಮ್ಮತ್ತೆ ತೂಗಿಟ್ಟ ಪ್ರತಿ ಪೊಟ್ಟಣಕ್ಕೂ ಮೇಲೊಂದು ಹಿಡಿ ಏಲಕ್ಕಿ ಸುರಿದು ಬಾಯಿ ಕಟ್ಟುತ್ತಿದ್ದರು.

“ಅತ್ತೆ, ಇದೇನು?”

“ಕೊಸರು ಕಣಪ್ಪಾ. ತೂಗಿದ್ಮೇಲೆ ಒಂದು ಪಿಡಿ ಹಾಕ್ದೆ ಕೊಟ್ರೆ, ಯಾವ ಮೊಕ ಇಟ್ಕೊಂಡು ನಾಳೆ ಅಂಗಡಿ ತೆಗಿಯೋದು?”

“ಗೋದಾಮಿನ ಮಿಷನ್ನು ಒಪ್ಪಲ್ಲ ಅತ್ತೆ.”

“ಮಿಷನ್ನಾ ತಿನ್ನೋದು?”

ಎಷ್ಟು ಹೇಳಿದರೂ ಅವರ ಕೈ ನಿಲ್ಲಲಿಲ್ಲ. ಕೊನೆಗೆ ಅವರನ್ನು ಎಬ್ಬಿಸಿ ನಾನೇ ಕೂತು, ಒಂದು ಕಾಯಿಯೂ ಆಚೀಚೆ ಆಗದಂತೆ ತೂಗಿ ಕಳಿಸಿದೆ. ಗೋದಾಮಿನ ತಕರಾರು ನಿಂತಿತು.

ಆಮೇಲೆ ಪಳನಿಯಿಂದ ಎರಡನೇ ಸಲ ತರಿಸಿಕೊಂಡ ಗಿರಾಕಿಯೊಬ್ಬರು ಸೈಟಿನಲ್ಲಿ ನಮಗೆ ಒಂದೇ ಒಂದು ನಕ್ಷತ್ರ ಕೊಟ್ಟು ಬರೆದರು: ‘ಹೋದ ಸಲಕ್ಕಿಂತ ಒಂದು ಹಿಡಿ ಕಡಿಮೆ. ಮೋಸದ ಅಂಗಡಿ.’

ಆ ಹುಡುಗಿ ಹೇಳಿದ್ದು ನಿಜ. ಕಡಿಮೆ ಇದ್ದರೆ ದೂರು ಕೊಡೋಕೆ ಜಾಗ ಇದೆ.